ಒದ್ದೆ ಕಡೆ, ಒಣ ಕಡೆ ಮತ್ತು ನಲವತ್ತು ಕಿಲೋಮೀಟರ್

ಜನವರಿ 6

ತಮ್ಮಾ,

ಹೋದ ದೋಣಿಗೆ ನಿನ್ನ ಕಾಗದ ಬರಲಿಲ್ಲ. ಗಾಳಿ ಎಷ್ಟು ಜೋರು, ಮೋಡ ಎಷ್ಟು ಎತ್ತರ ಅಂತ ದಿನಕ್ಕೆ ನಾಲ್ಕು ಸಲ ಬರೆದಿಡುವವನಿಗೆ ಅಕ್ಕನಿಗೆ ನಾಲ್ಕು ಸಾಲು ಬರೆಯಲು ಕೈ ನೋಯುತ್ತದೆಯೇ? ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ಇರುವುದು ನೀನು, ಅಡುಗೆಯವರು ಮತ್ತು ಛಾವಣಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಕೋಳಿ. ಮೂವರಿಗೂ ಪುರುಸೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ನಾನು ಆಸ್ಪತ್ರೆಯ ಲಾಂಡ್ರಿಗೆ ಮೇಲ್ವಿಚಾರಕಿಯಾಗಿ ಎರಡು ತಿಂಗಳಾಯಿತು. ಮೊದಲು ಕೌಂಟರಿನಲ್ಲಿ ಕೂತು ಕೊಳೆ ಬಟ್ಟೆ ಎಣಿಸುತ್ತಿದ್ದವಳು ಈಗ ಎಣಿಸುವವರನ್ನು ಎಣಿಸುತ್ತೇನೆ. ನಮ್ಮಲ್ಲಿ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಆಚೆ ಒದ್ದೆ ಕಡೆ, ಈಚೆ ಒಣ ಕಡೆ. ಒದ್ದೆ ಕಡೆಗೆ ಸೋಪಣ್ಣ ಯಜಮಾನ. ಇಪ್ಪತ್ತೇಳು ವರ್ಷದಿಂದ ಗಮ್‌ಬೂಟು ಹಾಕಿಕೊಂಡು ಕಲೆಗಳ ಮೇಲೆ ಹಗೆ ಸಾಧಿಸುತ್ತಿರುವ ಮನುಷ್ಯ. ಒಣ ಕಡೆಗೆ ಗೆರೆಯಮ್ಮ. ಅವರು ಇಸ್ತ್ರಿ ಮಾಡಿದ ಕೋಟಿನ ಗೆರೆ ತಗುಲಿದರೆ ಬೆರಳು ಕುಯ್ಯುತ್ತದೆ ಅಂತ ಡಾಕ್ಟರುಗಳು ತಮಾಷೆ ಮಾಡುತ್ತಾರೆ. ಇಬ್ಬರದೂ ಎಣ್ಣೆ ಸೀಗೆಕಾಯಿ. ಮೂರು ವರ್ಷದಿಂದ ಮಾತಿಲ್ಲ. ಕಿಟಕಿಯಲ್ಲಿ ಬಟ್ಟೆಯ ಜೊತೆ ಚೀಟಿ ದಾಟುತ್ತದೆ. “ದಿಂಬಿನ ಕವರು 60. ಇನ್ನೂ ಒದ್ದೆ. ವಾಪಸ್.” “ಒದ್ದೆಯಿಲ್ಲ. ನಿಮ್ಮ ಕೈ ಒದ್ದೆ.” ಹೀಗೆ.

ಜಗಳದ ಮೂಲ ಒಂದು ಪೆನ್ನು. ಯಾರದೋ ಕೋಟಿನ ಜೇಬಿನಲ್ಲಿ ಉಳಿದ ಪೆನ್ನು ಒಡೆದು ಅರವತ್ತು ಬಿಳಿ ಕೋಟು ನೀಲಿಯಾದವು. ಒಗೆಯುವಾಗ ನೀವು ನೋಡಲಿಲ್ಲ ಅಂತ ಗೆರೆಯಮ್ಮ, ಬಿಸಿ ಇಸ್ತ್ರಿಯಲ್ಲಿ ನೀವೇ ಒಡೆದಿರಿ ಅಂತ ಸೋಪಣ್ಣ.

ನಿರ್ದೇಶಕಿ ಮೇಡಂ ನಿನ್ನೆ ಕರೆದು ಹೇಳಿದರು: “ಮಾರ್ಚ್ ಕೊನೆ ಒಳಗೆ ಇವರಿಬ್ರು ಸರಿ ಹೋಗ್ಬೇಕು. ಇಲ್ಲಾಂದ್ರೆ ಸೋಪಣ್ಣನ್ನ ಬೇರೆ ಶಾಖೆಗೆ ಹಾಕ್ತೀನಿ.” ಆ ಶಾಖೆ ರೈಲಿನಲ್ಲಿ ಒಂಬತ್ತು ಗಂಟೆ ದೂರ. ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ. ನಾನು ಏನು ಮಾಡಿದೆ ಗೊತ್ತೇ? ಮೇಡಮ್ಮರ ಬೆನ್ನ ಹಿಂದೆ ಗೋಡೆಯಲ್ಲೊಂದು ಪೋಸ್ಟರ್ ಇತ್ತು. ಮಾರ್ಚ್ 22ಕ್ಕೆ ನಲವತ್ತು ಕಿಲೋಮೀಟರ್ ತಂಡದ ನಡಿಗೆ. “ಇಬ್ಬರನ್ನೂ ಒಂದೇ ತಂಡದಲ್ಲಿ ನಡೆಸಿ ಗುರಿ ಮುಟ್ಟಿಸ್ತೀನಿ” ಅಂದುಬಿಟ್ಟೆ. “ಪ್ರಮಾಣಪತ್ರ ತಂದು ತೋರಿಸಿ, ನಂಬ್ತೀನಿ” ಅಂದರು.

ಬಸ್ಸಿಗೆ ಓಡಿದರೆ ಮೂರು ದಿನ ಕಾಲು ಹಿಡಿದುಕೊಳ್ಳುವವಳು ನಾನು. ನಗಬೇಡ.

ನಿನ್ನ ಅಕ್ಕ

ಜನವರಿ 19

ಅಕ್ಕಾ,

ನಕ್ಕೆ. ಅಡುಗೆಯವರಿಗೂ ಓದಿ ಹೇಳಿದೆ, ಅವರೂ ನಕ್ಕರು. ಗಾಳಿಕೋಳಿ ಒಂದು ಸುತ್ತು ತಿರುಗಿತು.

ಆದರೆ ನೀನು ಸರಿಯಾದವನಿಗೇ ಹೇಳಿಕೊಂಡಿದ್ದೀಯ. ಕಾಲೇಜಿನಲ್ಲಿ ನಾನು ದೂರದ ಓಟದಲ್ಲಿ ಎರಡನೆಯವನು ಅನ್ನುವುದು ಮರೆಯಬೇಡ. (ಓಡಿದವರು ಮೂವರು ಅಂತ ನೀನು ಎಲ್ಲರಿಗೂ ಹೇಳುವುದೂ ನನಗೆ ಗೊತ್ತು.) ಮೊದಲ ವಾರ ಐದು ಕಿಲೋಮೀಟರ್. ಆಮೇಲೆ ವಾರಕ್ಕೆ ಮೂರು ಮೂರು ಹೆಚ್ಚಿಸು. ಚಪ್ಪಲಿ, ಗಮ್‌ಬೂಟು ಎರಡೂ ಬೇಡ. ಹೊಸ ಬೂಟು ಆ ದಿನವೇ ಹಾಕಬೇಡಿ.

ಇಲ್ಲಿ ದ್ವೀಪದ ಸುತ್ತ ಒಂದು ಕಾಲುದಾರಿ ಇದೆ, ಸುತ್ತಿದರೆ ಒಂದೂಕಾಲು ಕಿಲೋಮೀಟರ್. ಮೂವತ್ತೆರಡು ಸುತ್ತಿಗೆ ನಲವತ್ತು. ಮಾರ್ಚ್ 22ಕ್ಕೆ ನಾನೂ ಅಡುಗೆಯವರೂ ಇಲ್ಲಿ ನಡೆಯುತ್ತೇವೆ. ನಿನಗೆ ಜೊತೆ.

ಒಂದು ಮಾತು ಕೇಳಲೇ? ನೀನು ಮೂರು ವರ್ಷದಿಂದ ನನಗೆ ಪೆನ್ಸಿಲಿನಲ್ಲೇ ಬರೆಯುತ್ತಿದ್ದೀಯ. ನನ್ನ ಮೊದಲ ಸಂಬಳದಲ್ಲಿ ಒಂದು ನೀಲಿ ಪೆನ್ನು ತಂದುಕೊಟ್ಟಿದ್ದೆನಲ್ಲ, ಅದು ಇಷ್ಟವಾಗಲಿಲ್ಲವೇ? ಇಷ್ಟವಾಗದಿದ್ದರೆ ಹೇಳಬಹುದಿತ್ತು. ನಾನೇನೂ ಅಳುತ್ತಿರಲಿಲ್ಲ.

ತಮ್ಮ

ಫೆಬ್ರವರಿ 3

ತಮ್ಮಾ,

ಪೆನ್ಸಿಲ್ ಅಂದರೆ ಅನುಕೂಲ. ತಪ್ಪಾದರೆ ಅಳಿಸಬಹುದು. ಅಷ್ಟೇ.

ತಂಡ ಕೂಡಿತು. ಐದು ಜನ. ನಾನು, ಸೋಪಣ್ಣ, ಗೆರೆಯಮ್ಮ, ಹರಿದ ಚಾದರ ಹೊಲಿಯುವ ದರ್ಜಿ, ಹಬೆ ಕೊಡುವ ಬಾಯ್ಲರ್ ಮಾಮ. ದರ್ಜಿಯ ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಇರುವುದರಿಂದ ಆಕೆ ಮಾತಾಡುವುದು ಕಡಿಮೆ. ಬಾಯ್ಲರ್ ಮಾಮ ಆಕೆಯ ಪಾಲಿನದನ್ನೂ ಸೇರಿಸಿ ಮಾತಾಡುತ್ತಾರೆ.

ಸೋಪಣ್ಣನಿಗೂ ಗೆರೆಯಮ್ಮನಿಗೂ ವರ್ಗಾವಣೆಯ ವಿಷಯ ಹೇಳಿಲ್ಲ. ಬೇರೆ ಬೇರೆ ಕರೆದು ಪುಸಲಾಯಿಸಿದೆ. “ಅವ್ರು ಬರ್ತಾರಾ?” ಅಂತ ಇಬ್ಬರೂ ಕೇಳಿದರು. ಬರುತ್ತಾರೆ ಅಂದೆ. “ಹಾಗಾದ್ರೆ ನಾನೂ ಬರ್ತೀನಿ, ಯಾರು ಮೊದ್ಲು ಸುಸ್ತಾಗ್ತಾರೋ ನೋಡೋಣ” ಅಂತ ಇಬ್ಬರೂ ಅಂದರು. ಛಲ ಅನ್ನುವುದು ಕೆಲವೊಮ್ಮೆ ನಮ್ಮಂಥವರ ಕೈ ಹಿಡಿಯುತ್ತದೆ.

ಆದರೆ ಈ ನಡಿಗೆಯ ನಿಯಮ ನೋಡು. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಠಾಣೆಗಳು. ಪ್ರತಿ ಠಾಣೆಯಲ್ಲೂ ತಂಡದ ಮೊದಲನೆಯವರಿಗೂ ಕೊನೆಯವರಿಗೂ ನಡುವೆ ಇಪ್ಪತ್ತು ಹೆಜ್ಜೆಗಿಂತ ಹೆಚ್ಚು ಅಂತರ ಇರಕೂಡದು. ಕೊನೆಯವರು ಗೆರೆ ದಾಟಿದಾಗಲೇ ತಂಡ ಮುಟ್ಟಿದ ಹಾಗೆ. ಭಾನುವಾರ ಕೆರೆ ದಾರಿಯಲ್ಲಿ ಎಂಟು ಕಿಲೋಮೀಟರ್ ನಡೆದೆವು. ಸೋಪಣ್ಣ ರೈಲು ತಪ್ಪುತ್ತದೆ ಅನ್ನುವ ಹಾಗೆ ಹೊರಟುಹೋದರು. ಗೆರೆಯಮ್ಮ ಚಾದರ ಮಡಿಸುವ ಲೆಕ್ಕದಲ್ಲೇ ಹೆಜ್ಜೆ ಇಡುತ್ತಾರೆ: “ಒಂದು, ಎರಡು, ಮಡಿಸು, ತಿರುಗಿಸು.” ನಾನು ನಡುವೆ ನಿಂತು ಮುಂದಿನವರಿಗೆ ನಿಲ್ಲಿ, ಹಿಂದಿನವರಿಗೆ ಬನ್ನಿ ಅಂತ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ.

ಗಮ್‌ಬೂಟು ಬೇಡ ಅಂದಿದ್ದೆಯಲ್ಲ, ಸೋಪಣ್ಣ ಅದರಲ್ಲೇ ಬಂದಿದ್ದರು. ಕಾಲ ತುಂಬ ಗುಳ್ಳೆ. ಸೋಮವಾರ ಕಿಟಕಿಯಲ್ಲಿ ಒಣ ಕಡೆಯಿಂದ ಒಂದು ಚೀಟಿ ದಾಟಿತು. ಕದ್ದು ಓದಿದೆ. “ಒದ್ದೆ ಸಾಕ್ಸ್ ಹಾಕಿದರೆ ಗುಳ್ಳೆ ಬರುತ್ತೆ. ಇಲ್ಲಿ ಕಳಿಸಿ.” ಅರ್ಧ ಗಂಟೆ ಬಿಟ್ಟು ಒಂದು ಜೊತೆ ಸಾಕ್ಸ್ ದಾಟಿತು. ಮಧ್ಯಾಹ್ನ ವಾಪಸ್ ಹೋಯಿತು, ಇಸ್ತ್ರಿಯಾಗಿ, ಗೆರೆ ಸಮೇತ.

ಅಕ್ಕ

ಫೆಬ್ರವರಿ 17

ಅಕ್ಕಾ,

ಸಾಕ್ಸಿಗೆ ಗೆರೆ ಹಾಕುವವರನ್ನು ನಾನು ನೋಡಬೇಕು.

ನಾನಿಲ್ಲಿ ದಿನಾ ಹತ್ತು ಸುತ್ತು ನಡೆಯುತ್ತಿದ್ದೇನೆ. ಏದುಸಿರಿಲ್ಲ, ನೋವಿಲ್ಲ. ಅಡುಗೆಯವರು ಪಾಪ, ವಯಸ್ಸಾಗಿದೆ, ಹಿಂದೆ ಬೀಳುತ್ತಾರೆ. ನಾನು ಕಾಯುತ್ತೇನೆ.

ಒಂದು ಅನುಮಾನ ಬಂತು. ನೀನು ಮೇಲ್ವಿಚಾರಕಿಯಾದ ಮೇಲೆ ಹೆಸರು ಮಾಡಬೇಕು ಅಂತ ಇವರನ್ನೆಲ್ಲ ಕುಣಿಸುತ್ತಿಲ್ಲ ತಾನೇ? ಜಗಳ ಅವರದು, ಪೆನ್ನು ಯಾರದೋ. ನಿನಗೆ ಯಾಕಷ್ಟು ತಲೆಬಿಸಿ? ಆಗದಿದ್ದರೆ ಕೈ ತೊಳೆದುಕೊಂಡುಬಿಡು.

ಪೆನ್ಸಿಲ್ಲಿನ ಉತ್ತರ ನನಗೆ ರುಚಿಸಲಿಲ್ಲ.

ತಮ್ಮ

ಮಾರ್ಚ್ 3

ತಮ್ಮಾ,

ಹೆಸರು ಮಾಡುವುದಕ್ಕಲ್ಲ. ಕೈ ತೊಳೆದುಕೊಳ್ಳುವುದಕ್ಕೂ ಆಗುವುದಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಪ್ಪತ್ತಾರು ಕಿಲೋಮೀಟರ್ ನಡೆದೆವು! ಆದರೆ ಆಶ್ಚರ್ಯ ಕೇಳು. ಹದಿನೆಂಟನೇ ಕಿಲೋಮೀಟರಿಗೆ ಸೋಪಣ್ಣ ಸುಸ್ತಾದರು. ಗೆರೆಯಮ್ಮ ಅದೇ ಹೆಜ್ಜೆ, ಅದೇ ಲೆಕ್ಕ. ಮೂವತ್ತು ವರ್ಷ ದಿನಕ್ಕೆ ಎಂಟು ಗಂಟೆ ಇಸ್ತ್ರಿ ಮೇಜಿನ ಮುಂದೆ ನಿಂತ ಕಾಲು ಅವು. ಆಮೇಲೆ ಸೋಪಣ್ಣ ತಾವಾಗಿಯೇ ಹಿಂದೆ ಬಂದು, ಆಕೆಯಿಂದ ಎರಡು ಹೆಜ್ಜೆ ದೂರದಲ್ಲಿ, ಆಕೆಯ ಲೆಕ್ಕಕ್ಕೆ ಸರಿಯಾಗಿ ಕಾಲು ಹಾಕಿದರು. ಗೆರೆಯಮ್ಮ ತಿರುಗಿ ನೋಡಲಿಲ್ಲ. ಆದರೆ ಲೆಕ್ಕವನ್ನು ಸ್ವಲ್ಪ ಗಟ್ಟಿಯಾಗಿ ಹೇಳತೊಡಗಿದರು.

ಇಬ್ಬರೂ ಇನ್ನೂ ತುಟಿಪಿಟಕ್ಕೆನ್ನುತ್ತಿಲ್ಲ. ನನಗೆ ಭಯವೇ ಆಗುತ್ತಿದೆ. ಸೋಪಣ್ಣ ಮೊನ್ನೆ ತಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಬಂದು, “ಎರಡು ವರ್ಷ ಆದ್ಮೇಲೆ ಇವಳ್ನ ಶಾಲೆಗೆ ಬಿಡೋ ಕೆಲ್ಸ ನಂದು” ಅಂದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಅಕ್ಕ

ಮಾರ್ಚ್ 15

ಅಕ್ಕಾ,

ಒಂದು ಮುಖ್ಯ ವಿಷಯ ಹೇಳಲು ಮರೆತಿದ್ದೆ. ನಡಿಗೆಯ ಹಿಂದಿನ ದಿನ ನಿಮಗೆ ನಂಬರು ಬರೆದ ತೋಳಿಲ್ಲದ ಅಂಗಿ ಕೊಡುತ್ತಾರೆ, ಮೇಲೆ ಹಾಕಿಕೊಳ್ಳಲು. ಅದರ ಅಂಚಿನೊಳಗೆ ತೆಳ್ಳಗಿನ ಒಂದು ಪಟ್ಟಿ ಹೊಲಿದಿರುತ್ತಾರೆ. ನೀವು ಠಾಣೆ ದಾಟಿದ್ದು ಯಂತ್ರಕ್ಕೆ ಗೊತ್ತಾಗುವುದೇ ಅದರಿಂದ. ಬೇರೆಯವರಿಗೆ ಈ ಮಾತು ಹೇಳುವ ಅಗತ್ಯವಿಲ್ಲ. ಆದರೆ ನೀವು ಲಾಂಡ್ರಿಯವರು, ನಿಮ್ಮ ಮೇಲೆ ನನಗೆ ನಂಬಿಕೆಯಿಲ್ಲ. ಏನೇ ಆದರೂ ಅದನ್ನು ಒಗೆಯಬೇಡಿ!

ಸಮುದ್ರ ಎರಡು ದಿನದಿಂದ ಕೆರಳಿದೆ. ದೋಣಿ ನಾಳೆ ಬರಬೇಕು. ಬರುತ್ತದೆ ಬಿಡು, ಗಾಳಿ ಇಳಿಯುತ್ತದೆ ಅಂತ ನಾನೇ ಬರೆದು ಕಳಿಸಿದ್ದೇನೆ.

ತಮ್ಮ

ಮಾರ್ಚ್ 21

ತಮ್ಮಾ,

ನಿನ್ನ ಕಾಗದ ಬಂದಿಲ್ಲ. ಪರವಾಗಿಲ್ಲ, ಇವತ್ತು ನನ್ನ ಕಾಲು ನೆಲದ ಮೇಲಿಲ್ಲ.

ಬೆಳಿಗ್ಗೆ ನಂಬರಿನ ಅಂಗಿಗಳು ಬಂದವು. ಎಂಥ ಅವತಾರ ಅಂತೀಯ! ಹೋದ ವರ್ಷದ ಕೆಸರು ಹಾಗೇ ಇದೆ, ಮುದ್ದೆ ಮಾಡಿ ಚೀಲಕ್ಕೆ ತುರುಕಿದ್ದಾರೆ. ಸೋಪಣ್ಣ ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿ ನೋಡಿದ ಹಾಗೆ ನೋಡಿದರು. “ಇದನ್ನ ಹಾಕ್ಕೊಂಡು ನಾಲ್ಕು ಜನರ ಮುಂದೆ ನಡೆಯೋದಾ? ನಾವು? ಲಾಂಡ್ರಿಯವ್ರು?” ನೇರ ಒಯ್ದು ತೊಂಬತ್ತು ಡಿಗ್ರಿಗೆ ಹಾಕಿದರು. ಬಾಯ್ಲರ್ ಮಾಮ ಐದು ಅಂಗಿಗೋಸ್ಕರ ಹಬೆ ಏರಿಸಿದರು. ಕಿಟಕಿಯಲ್ಲಿ ಗೆರೆಯಮ್ಮನ ಕೈ ಮೊದಲೇ ಚಾಚಿತ್ತು. ಕೊಟ್ಟರು, ತೆಗೆದುಕೊಂಡರು. ಚೀಟಿ ಇಲ್ಲ ಕಣೋ! ಮೂರು ವರ್ಷದಲ್ಲಿ ಚೀಟಿ ಇಲ್ಲದೆ ದಾಟಿದ ಮೊದಲ ಬಟ್ಟೆ ಅದು.

ಇಸ್ತ್ರಿ ಮಾಡುವಾಗ ಅಂಚಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿ ಗೆರೆ ಕೂರಲಿಲ್ಲವಂತೆ. ದರ್ಜಿ ಹೊಲಿಗೆ ಬಿಚ್ಚಿ, ಒಳಗಿದ್ದ ಕಸ ತೆಗೆದು, ಮತ್ತೆ ಹೊಲಿದು ಕೊಟ್ಟಳು. ಈಗ ನೋಡಬೇಕು ನೀನು, ಮದುವಣಿಗರ ಬಟ್ಟೆಯ ಹಾಗಿವೆ.

ನಾನು ಕೌಂಟರಿನ ಹಿಂದೆ ನಿಂತು ಕಣ್ಣು ಒರೆಸಿಕೊಂಡೆ. ನಾಳೆ ಮುಟ್ಟುತ್ತೇವೆ.

ಅಕ್ಕ

ಮಾರ್ಚ್ 24

ತಮ್ಮಾ,

ನಿನ್ನ 15ರ ಕಾಗದ ಈಗ ತಾನೇ ಬಂತು. ಬಹಳ ಉಪಕಾರವಾಯಿತು.

ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಕ್ಕು ಮುಗಿಸಿ ಓದು, ಮುಂದಿನದು ನಗುವಂಥದ್ದಲ್ಲ.

ಮೊದಲ ಠಾಣೆಯಲ್ಲಿ ಬೇರೆ ತಂಡಗಳಿಗೆ ಯಂತ್ರ ಕುಯ್ ಕುಯ್ ಅಂತು. ನಮಗೆ ಅನ್ನಲಿಲ್ಲ. “ನಮ್ದು ಶುಭ್ರವಾಗಿದೆ, ಅದಕ್ಕೇ ಸದ್ದಿಲ್ಲ” ಅಂದರು ಬಾಯ್ಲರ್ ಮಾಮ. ನಾವೂ ಒಪ್ಪಿಕೊಂಡೆವು. ನಮ್ಮ ಅಂಗಿ ನೋಡಿ ಇಡೀ ದಾರಿಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಮೂವತ್ತೊಂದನೇ ಕಿಲೋಮೀಟರಿನಲ್ಲಿ ಸೋಪಣ್ಣ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. “ನೀವು ಹೋಗಿ, ನನ್ನ ಕೈಲಾಗಲ್ಲ” ಅಂದರು. ಒಬ್ಬರನ್ನು ಬಿಟ್ಟರೆ ತಂಡವೇ ಇಲ್ಲ. ನಾನು ಬೇಡಿಕೊಂಡೆ, ಮಾಮ ರೇಗಿದರು, ದರ್ಜಿ ಬಾಳೆಹಣ್ಣು ಸುಲಿದು ಕೊಟ್ಟಳು. ಊಹೂಂ. ಆಗ ಗೆರೆಯಮ್ಮ ಹಿಂದಿರುಗಿ ಬಂದು ಅವರ ಮುಂದೆ ನಿಂತರು.

“ಏಳಿ.”

ಸೋಪಣ್ಣ ತಲೆ ಎತ್ತಿದರು. “ಏನಂದ್ರಿ?”

“ಏಳಿ ಅಂದೆ. ಚೀಟಿ ಬರೆದು ಕೊಡ್ಲಾ?”

ಸೋಪಣ್ಣ ಮೊದಲು ಅವರ ಮುಖ ನೋಡಿದರು, ಆಮೇಲೆ ನಗತೊಡಗಿದರು. ನಗುತ್ತಲೇ ಎದ್ದರು. ಉಳಿದ ಒಂಬತ್ತು ಕಿಲೋಮೀಟರ್ ಐವರೂ ಒಟ್ಟಿಗೆ ಕೂಗಿಕೊಂಡು ನಡೆದೆವು: “ಒಂದು, ಎರಡು, ಮಡಿಸು, ತಿರುಗಿಸು!” ಹಿಂದೆ ಬರುತ್ತಿದ್ದ ತಂಡದವರೂ ಕಲಿತುಕೊಂಡರು.

ಗೆರೆ ದಾಟಿದೆವು, ಐವರೂ, ಕೈ ಕೈ ಹಿಡಿದುಕೊಂಡು. ಪ್ರಮಾಣಪತ್ರದ ಮೇಜಿನ ಹುಡುಗಿ ಕಂಪ್ಯೂಟರ್ ನೋಡಿ, “ನಿಮ್ಮ ತಂಡ ಹೊರಟೇ ಇಲ್ವಲ್ಲ” ಅಂದಳು. ಅಂಗಿಯ ಅಂಚು ಮುಟ್ಟಿ ನೋಡಿದಳು. “ಇದ್ರೊಳಗಿದ್ದ ಪಟ್ಟಿ ಎಲ್ಲಿ? ಯಾರು ಇದನ್ನ ಹೀಗ್ಮಾಡಿದ್ದು?”

ತಮ್ಮಾ, ಯಾರು ಮಾಡಿದ್ದು. ಮೂರು ವರ್ಷದ ಹಿಂದೆ ಜಗಳ ಹೊತ್ತಿಕೊಂಡಿದ್ದೂ ಇದೇ ಮಾತಿನಿಂದ. ಪ್ರಮಾಣಪತ್ರವಿಲ್ಲ, ಸೋಪಣ್ಣನ ರೈಲು ಹೊರಟಿತು, ಈಗ ಇಬ್ಬರೂ ಮತ್ತೆ ಶುರು ಮಾಡುತ್ತಾರೆ ಅಂತ ಕಣ್ಣು ಮುಚ್ಚಿಕೊಂಡೆ.

“ತೊಳೆದವ್ನು ನಾನಮ್ಮ,” ಅಂದರು ಸೋಪಣ್ಣ. “ತೊಂಬತ್ತು ಡಿಗ್ರಿ.”

“ಅವರಿಗೆ ಏನೂ ಅನ್ಬೇಡಿ,” ಗೆರೆಯಮ್ಮ ಮುಂದೆ ಬಂದರು. “ಇಸ್ತ್ರಿ ಒತ್ತಿದ್ದು ನಾನು.”

ದರ್ಜಿ ಬಾಯಿಂದ ಗುಂಡುಪಿನ್ನು ತೆಗೆದಳು. ನಲವತ್ತು ಕಿಲೋಮೀಟರ್ ಅದನ್ನು ಇಟ್ಟುಕೊಂಡೇ ನಡೆದಿದ್ದಾಳೆ! “ಬಿಚ್ಚಿ ಎಸೆದವ್ಳು ನಾನು. ಕಸ ಅಂದ್ಕೊಂಡೆ.”

“ಹಬೆ ಕೊಟ್ಟಿದ್ದು ನಾನು, ಬರ್ಕೊಳ್ಳಿ,” ಅಂದರು ಮಾಮ.

ನಾಲ್ಕು ಜನ ನಾನು, ನಾನು ಅಂತ ನಿಂತಿದ್ದರು. ಅವರ ಮುಂದೆ ನಾನೊಬ್ಬಳೇ ಬಾಯಿ ಮುಚ್ಚಿಕೊಂಡಿದ್ದೆ, ಮೂರು ವರ್ಷದಿಂದ ಮುಚ್ಚಿಕೊಂಡಿದ್ದ ಹಾಗೆ. ನಾಚಿಕೆಯಿಂದ ಸತ್ತುಹೋದೆ.

“ಆ ಪೆನ್ನು ನಂದು,” ಅಂದೆ.

“ಯಾವ ಪೆನ್ನು?” ಅಂದಳು ಮೇಜಿನ ಹುಡುಗಿ.

ಯಾವ ಪೆನ್ನು ಅಂತ ನಿನಗೆ ಗೊತ್ತು. ನೀನು ಕೊಟ್ಟದ್ದೇ. ಆ ದಿನ ಕೌಂಟರಿನಲ್ಲಿ ಕೋಟು ಎಣಿಸುತ್ತಿದ್ದೆ, ಫೋನು ಬಡಿದುಕೊಂಡಿತು, ಎರಡೂ ಕೈಯಲ್ಲಿ ಬಟ್ಟೆ. ಪೆನ್ನನ್ನು ಮೇಲಿದ್ದ ಕೋಟಿನ ಜೇಬಿಗೆ ಸಿಕ್ಕಿಸಿ ಹೋದೆ. ವಾಪಸ್ ಬರುವಷ್ಟರಲ್ಲಿ ಗಾಡಿ ಒಳಗೆ ಹೋಗಿತ್ತು. ಕಲೆ ಹೊರಬಿದ್ದಾಗ ಪೆನ್ನು ಕರಗಿ ಯಾರದು ಅಂತ ಗುರುತೇ ಸಿಗದ ಹಾಗಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಿರುವಾಗಲೇ ಇಬ್ಬರೂ ಒಬ್ಬರ ವಂಶವನ್ನೊಬ್ಬರು ಜಾಲಾಡಿಬಿಟ್ಟಿದ್ದರು. ಆಮೇಲೆ ಬಾಯಿ ಬರಲಿಲ್ಲ. ಆಮೇಲೆ ಪೆನ್ನು ಹಿಡಿಯಲು ಕೈಯೂ ಬರಲಿಲ್ಲ.

ಎಲ್ಲ ಹೇಳಿದೆ, ವರ್ಗಾವಣೆಯ ವಿಷಯವನ್ನೂ. ಸೋಪಣ್ಣ ಮತ್ತು ಗೆರೆಯಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೆ ಬಸ್ ಸ್ಟಾಪಿನ ಕಡೆ ಹೊರಟುಹೋದರು. ನಾನು ಅವರಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ ನಡೆದೆ.

ಅಕ್ಕ

ಏಪ್ರಿಲ್ 2

ತಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮೇಡಮ್ಮರಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ಎದ್ದು ಲಾಂಡ್ರಿಗೆ ಬಂದು ಕಿಟಕಿಯ ಹತ್ತಿರ ಹತ್ತು ನಿಮಿಷ ನಿಂತರು. ಒದ್ದೆ ಕಡೆಯಿಂದ ಸೋಪಣ್ಣ ಕೂಗುತ್ತಿದ್ದರು, ಒಣ ಕಡೆಯಿಂದ ಗೆರೆಯಮ್ಮ ತಿರುಗಿ ಕೂಗುತ್ತಿದ್ದರು. ಮೂರು ವರ್ಷದ ಬಾಕಿ ಮಾತು, ಯಂತ್ರದ ಸದ್ದಿಗಿಂತ ಜೋರು.

“ಇವರು ಯಾವಾಗ್ಲೂ ಇಷ್ಟು ಮಾತಾಡ್ತಾರಾ?” ಅಂತ ಮೇಡಂ ಕೇಳಿದರು.

“ಈಗ ಮಾತಾಡ್ತಾರೆ ಮೇಡಂ. ನನ್ನ ಜೊತೆ ಒಂದು ಬಿಟ್ಟು.”

ಮೇಡಂ ನಕ್ಕುಬಿಟ್ಟರು. ವರ್ಗಾವಣೆ ರದ್ದು. ಪ್ರಮಾಣಪತ್ರ ಕೇಳಲೇ ಇಲ್ಲ.

ಆದರೆ ನನ್ನ ಗತಿ ಕೇಳು. ಹತ್ತು ದಿನದಿಂದ ಇಬ್ಬರೂ ನನ್ನ ಜೊತೆ ಟೂ. ಚೀಟಿಗಳೆಲ್ಲ ಈಗ ನನ್ನ ಮೇಜಿಗೆ ಬರುತ್ತವೆ. ಮಾರ್ಚ್ 28ಕ್ಕೆ ಬಂದದ್ದು: “ಮೇಲ್ವಿಚಾರಕಿಯವರು ಒಂದು ತಿಂಗಳು ಕೌಂಟರಿನಲ್ಲಿ ನಿಂತು ಜೇಬು ನೋಡತಕ್ಕದ್ದು.” ಕೆಳಗೆ ಎರಡು ಸಹಿ. ಒಂದೇ ಚೀಟಿಯಲ್ಲಿ ಇಬ್ಬರ ಸಹಿ ನೋಡಿದ್ದು ಇದೇ ಮೊದಲು. ಮಡಿಸಿ ನನ್ನ ಪರ್ಸಿನಲ್ಲಿಟ್ಟುಕೊಂಡಿದ್ದೇನೆ.

ಜೇಬು ನೋಡುತ್ತಿದ್ದೇನೆ. ಇವತ್ತು ಸಿಕ್ಕಿದ್ದು ಏಳು ಪೆನ್ನು, ಅರ್ಧ ಬಿಸ್ಕತ್ತು, ಒಂದು ಹಲ್ಲು. ಹಲ್ಲು ಯಾರದು ಅಂತ ಹುಡುಕುತ್ತಿದ್ದೇವೆ.

ಅಕ್ಕ

ಏಪ್ರಿಲ್ 13

ಅಕ್ಕಾ,

ನಿನ್ನ ಮೂರೂ ಕಾಗದ ಒಂದೇ ದೋಣಿಯಲ್ಲಿ ಬಂದವು. ಎರಡು ಸಲ ಓದಿದೆ. ಮೊದಲು ನಕ್ಕೆ, ಆಮೇಲೆ ನಿನ್ನ ಪೆನ್ಸಿಲಿನ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಮೂರು ವರ್ಷ ನಾನು ನನ್ನ ಉಡುಗೊರೆಗೆ ಬೆಲೆಯಿಲ್ಲ ಅಂತ ಮುಖ ಊದಿಸಿಕೊಂಡಿದ್ದೆ, ನೀನು ಅಲ್ಲಿ ಒಬ್ಬಳೇ ಅದನ್ನು ಹೊತ್ತುಕೊಂಡಿದ್ದೆ. ನನಗಾದರೂ ಹೇಳಬಾರದಿತ್ತೇ? ದ್ವೀಪದಲ್ಲಿರುವವನು ಯಾರಿಗೆ ಹೇಳಲಿ, ಗಾಳಿಕೋಳಿಗೇ?

ನೀವೆಲ್ಲ ಒಪ್ಪಿಕೊಳ್ಳುವಾಗ ನಾನೂ ಒಪ್ಪಿಕೊಳ್ಳುತ್ತೇನೆ. ಮಾರ್ಚ್ 22ಕ್ಕೆ ನಾನು ನಡೆದದ್ದು ಹತ್ತೊಂಬತ್ತು ಸುತ್ತು. ಆಮೇಲೆ ಮಲಗಿಬಿಟ್ಟೆ. ಅಡುಗೆಯವರು ಮೂವತ್ತೆರಡೂ ಮುಗಿಸಿ, ಬಂದು ಅಡುಗೆ ಮಾಡಿ, ನನ್ನನ್ನು ಊಟಕ್ಕೆ ಎಬ್ಬಿಸಿದರು. ಹಿಂದೆ ಬೀಳುತ್ತಿದ್ದವನು ಮೊದಲಿಂದಲೂ ನಾನೇ. ಗಾಳಿ ಇಳಿಯುತ್ತದೆ ಅಂತ ತಪ್ಪು ಬರೆದು ಕಳಿಸಿದವನೂ ನಾನೇ; ಗಾಳಿ ಇಳಿಯಲಿಲ್ಲ, ದೋಣಿ ವಾರ ತಡವಾಗಿ ಬಂತು.

ತಮ್ಮ

ಏಪ್ರಿಲ್ 28

ತಮ್ಮಾ,

ಕಾಗದ ಬಿಚ್ಚಿದ ಕೂಡಲೇ ನೋಡಿರುತ್ತೀಯ. ಹೌದು, ನೀಲಿ ಶಾಯಿ.

ನನ್ನ ತಿಂಗಳು ಇವತ್ತಿಗೆ ಮುಗಿಯಿತು. ಸಂಜೆ ಕೆಲಸ ಬಿಡುವ ಹೊತ್ತಿಗೆ ಸೋಪಣ್ಣ, ಗೆರೆಯಮ್ಮ, ದರ್ಜಿ, ಮಾಮ ನಾಲ್ವರೂ ಕೌಂಟರಿಗೆ ಬಂದು ಸಾಲಾಗಿ ನಿಂತರು. ಸೋಪಣ್ಣ ಒಂದು ಪುಟ್ಟ ಡಬ್ಬಿ ಮುಂದಿಟ್ಟರು. ಒಳಗೆ ಪೆನ್ನು. “ಹೊಸಾದು,” ಅಂದರು. ಐದು ವಾರದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಗೆರೆಯಮ್ಮ, “ಮುಂದಿನ ವರ್ಷ ನಡಿಗೆಯ ಅಂಗಿ ಒಗೆಯೋದು ಬೇಡ, ಇಸ್ತ್ರಿ ಮಾತ್ರ ಮೆತ್ತಗೆ ಮಾಡೋಣ” ಅಂದರು. ಅಂದರೆ ಮುಂದಿನ ವರ್ಷವೂ ಉಂಟು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ನಾಲ್ವರೂ ಗಾಬರಿಯಾಗಿ ಒಟ್ಟಿಗೆ ಕರವಸ್ತ್ರ ಚಾಚಿದರು. ನಾಲ್ಕಕ್ಕೂ ಗೆರೆ ಇತ್ತು.

ಪೆನ್ನು ಚೆನ್ನಾಗಿದೆ, ನೀನು ಕೊಟ್ಟದ್ದರಷ್ಟಲ್ಲ. ಆದರೆ ದರ್ಜಿ ಅದರ ಕುತ್ತಿಗೆಗೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕೌಂಟರಿನ ಕಬ್ಬಿಣದ ಬಳೆಗೆ ಬಿಗಿದಿದ್ದಾಳೆ. ಆ ಗಂಟು ಯಾರಿಗೂ ಬಿಚ್ಚಲಾಗುವುದಿಲ್ಲ. ಯಾವ ಕೋಟಿನ ಜೇಬಿಗೂ ಅದು ಮುಟ್ಟದ ಹಾಗೆ ಅಳತೆ ಮಾಡಿದ್ದಾರೆ. ಕುರ್ಚಿಗೂ ಮುಟ್ಟುವುದಿಲ್ಲ.

ಅದಕ್ಕೇ ಅಕ್ಷರ ಸ್ವಲ್ಪ ಸೊಟ್ಟಗಿದೆ. ನಿಂತುಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ